‘ಕೇಳು’ ಎಂಬ ಪದಕ್ಕೆ ಎರಡು ಕೆಲಸ

(ದಾವಣಗೆರೆಯಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಜನಾಂಗ ಹತ್ಯೆಯ ವಿಷಯವಾಗಿ ನಡೆದ ಎರಡು ದಿನದ ತರಬೇತಿ ಶಿಬಿರದಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಹಿಂದೆ ಕೂತವರು ಮುಂದೆ ಬನ್ನಿ. ಮೈಕ್ ಸರಿಯಿಲ್ಲ, ನನ್ನ ಗಂಟಲೂ ಸರಿಯಿಲ್ಲ.

ಈ ಶಿಬಿರಕ್ಕೆ ಫ್ಲೆಕ್ಸ್ ಮಾಡಿಕೊಟ್ಟ ಹುಡುಗ ಮೊನ್ನೆ ರಾತ್ರಿ ಫೋನ್ ಮಾಡಿದ್ದ. "ಮೇಡಂ, ಜನಾಂಗ ಹತ್ಯೆ ಅಂತ ಹಾಕ್ಲಾ, ನರಮೇಧ ಅಂತ ಹಾಕ್ಲಾ? ನರಮೇಧ ಅಂದ್ರೆ ಅಕ್ಷರ ದೊಡ್ಡದಾಗಿ ಕೂರುತ್ತೆ" ಅಂದ. ಜನಾಂಗ ಹತ್ಯೆ ಅಂತಲೇ ಹಾಕಪ್ಪ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಅಲ್ಲ ಮೇಡಂ, ಇದು ನಮ್ಮೂರಲ್ಲಿ ಯಾಕೆ?" ಎಂದು ಕೇಳಿದ.

ಎರಡೂ ಒಳ್ಳೆಯ ಪ್ರಶ್ನೆ. ಮೊದಲನೆಯದನ್ನು ಮೊದಲು ನೋಡೋಣ. ಎರಡನೆಯದು ದಾರಿಯಲ್ಲಿ ಸಿಗುತ್ತದೆ.

ನಮ್ಮ ಪತ್ರಿಕೆ, ಟಿವಿಗಳಲ್ಲಿ ನೂರು ಜನ ಸತ್ತರೂ ನರಮೇಧ, ಲಕ್ಷ ಜನ ಸತ್ತರೂ ನರಮೇಧ. ಇಲ್ಲವೇ ಮಾರಣಹೋಮ. ಗಮನಿಸಿ, ಎರಡೂ ಯಜ್ಞದ ಕಡೆಯಿಂದ ಬಂದ ಪದಗಳು. ಅಶ್ವಮೇಧದ ಮೇಧ, ಹೋಮಕುಂಡದ ಹೋಮ. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಯಾರು, ಯಾರನ್ನು, ಯಾಕೆ ಕೊಂದರು ಎಂಬುದು ಆ ಹೊಗೆಯಲ್ಲಿ ಕಾಣುವುದಿಲ್ಲ. ಹೆಣಗಳ ಲೆಕ್ಕ ಮಾತ್ರ ಉಳಿಯುತ್ತದೆ. ಜನಾಂಗ ಹತ್ಯೆ ಎಂಬುದು ಲೆಕ್ಕದ ಮಾತಲ್ಲ, ಉದ್ದೇಶದ ಮಾತು.

ಈ ಪದವನ್ನು ಕೊಟ್ಟವರು ರಫಾಯೆಲ್ ಲೆಮ್ಕಿನ್ ಎಂಬ ವಕೀಲರು. 1900ರಲ್ಲಿ ಇಂದಿನ ಬೆಲಾರುಸ್‌ನಲ್ಲಿ ಹುಟ್ಟಿದವರು, ಯಹೂದಿ ಒಕ್ಕಲು ಕುಟುಂಬ. ಓದುವ ಕಾಲದಲ್ಲಿ, 1921ರಲ್ಲಿ, ಬರ್ಲಿನ್ ಬೀದಿಯಲ್ಲಿ ಒಂದು ಕೊಲೆ ನಡೆಯಿತು. ಸತ್ತವನು ತಲಾತ್ ಪಾಷಾ. 1915ರಲ್ಲಿ ಆಟೊಮನ್ ಸಾಮ್ರಾಜ್ಯದಲ್ಲಿ ಆರ್ಮೇನಿಯನ್ನರನ್ನು ಲಕ್ಷ ಲಕ್ಷ ಸಂಖ್ಯೆಯಲ್ಲಿ ಸಾಯಿಸಿದಾಗ ಅಲ್ಲಿನ ಗೃಹ ಮಂತ್ರಿಯಾಗಿದ್ದವನು. ಕೊಂದವನು ಆರ್ಮೇನಿಯನ್ ಯುವಕ. ಅವನ ಮೇಲೆ ಕೇಸು ನಡೆಯಿತು. ಲೆಮ್ಕಿನ್ ತಮ್ಮ ಪ್ರೊಫೆಸರನ್ನು ಕೇಳಿದರು: ಒಬ್ಬನನ್ನು ಕೊಂದವನ ಮೇಲೆ ಕೇಸಿದೆ, ಅಷ್ಟೊಂದು ಜನರನ್ನು ಕೊಲ್ಲಿಸಿದವನ ಮೇಲೆ ಯಾಕೆ ಇರಲಿಲ್ಲ? ಪ್ರೊಫೆಸರ್ ಹೇಳಿದರು: ಕೋಳಿ ಸಾಕಿದವನು ತನ್ನ ಕೋಳಿಗಳನ್ನು ಕೊಂದರೆ ಅದು ಅವನ ವ್ಯವಹಾರ. ನೀನು ಅಡ್ಡ ಹೋದರೆ ಅವನ ಜಾಗಕ್ಕೆ ನುಗ್ಗಿದ ಹಾಗೆ. ಆರ್ಮೇನಿಯನ್ನರು ಕೋಳಿಗಳಲ್ಲವಲ್ಲ ಎಂದರು ಲೆಮ್ಕಿನ್. ಇದನ್ನು ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಆಗ ಅವರಿಗೆ ಹೆಚ್ಚುಕಡಿಮೆ ನಿಮ್ಮದೇ ವಯಸ್ಸು.

ಕನ್ನಡದಲ್ಲಿ ‘ಕೇಳು’ ಎಂಬ ಪದಕ್ಕೆ ಎರಡು ಕೆಲಸ. ಕಿವಿಗೊಟ್ಟು ಕೇಳುವುದು ಒಂದು, ಬಾಯಿಬಿಟ್ಟು ಕೇಳುವುದು ಇನ್ನೊಂದು. ಎರಡು ದಿನ ನಾವು ಕಲಿಯುವುದು ಇವೆರಡನ್ನೇ. ಭಾಷಣ ಮಾಡುವುದನ್ನು ಕಲಿಸುವವರು ಬೇಕಾದಷ್ಟು ಜನ ಇದ್ದಾರೆ.

ಲೆಮ್ಕಿನ್ ಕೇಳುತ್ತಲೇ ಇದ್ದರು. ಎರಡನೇ ಮಹಾಯುದ್ಧದಲ್ಲಿ ಅವರ ನೆಂಟರಿಷ್ಟರಲ್ಲಿ 49 ಜನ ನಾಜಿಗಳ ಕೈಯಲ್ಲಿ ಸತ್ತರು. 1944ರಲ್ಲಿ ಗ್ರೀಕಿನ ಒಂದು ತುಣುಕು, ಲ್ಯಾಟಿನ್‌ನ ಒಂದು ತುಣುಕು ಸೇರಿಸಿ ‘ಜೆನೊಸೈಡ್’ ಎಂಬ ಪದ ಕಟ್ಟಿದರು. ಆಮೇಲೆ ವಿಶ್ವಸಂಸ್ಥೆಯ ಕಾರಿಡಾರುಗಳಲ್ಲಿ ಒಬ್ಬೊಬ್ಬ ಪ್ರತಿನಿಧಿಯನ್ನೂ ಹಿಡಿದು ನಿಲ್ಲಿಸಿ ಕೇಳಿದರು. 1946ರಲ್ಲಿ ಈ ವಿಷಯವನ್ನು ಸಾಮಾನ್ಯ ಸಭೆಯ ಮುಂದಿಟ್ಟದ್ದು ಮೂರೇ ದೇಶ: ಕ್ಯೂಬಾ, ಪನಾಮಾ ಮತ್ತು ಭಾರತ. ಹೌದು, ನಮ್ಮದೇ. ನಮಗಿನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. 1948ರ ಡಿಸೆಂಬರ್ 9ರಂದು ‘ಜನಾಂಗ ಹತ್ಯೆಯ ತಡೆ ಮತ್ತು ಶಿಕ್ಷೆ’ಯ ಒಪ್ಪಂದ ಆಯಿತು.

ಇನ್ನೊಂದು ವಿಷಯ ಹೇಳಿ ಮುಂದೆ ಹೋಗುತ್ತೇನೆ. ಭಾರತ ಆ ಒಪ್ಪಂದವನ್ನು ಅನುಮೋದಿಸಿದ್ದು 1959ರ ಆಗಸ್ಟ್ 27ರಂದು. ಲೆಮ್ಕಿನ್ ನ್ಯೂಯಾರ್ಕಿನಲ್ಲಿ ತೀರಿಕೊಂಡದ್ದು ಮರುದಿನ, 28ರಂದು. ಅಂತ್ಯಕ್ರಿಯೆಗೆ ಬಂದವರು ಬೆರಳೆಣಿಕೆಯಷ್ಟು ಜನ. ಅನುಮೋದಿಸಿದ ನಾವು ಇವತ್ತಿನವರೆಗೂ ಅದಕ್ಕೆ ತಕ್ಕ ಕಾನೂನು ಮಾಡಿಲ್ಲ. 1984ರ ಸಿಖ್ಖರ ಹತ್ಯೆಗಳ ಒಂದು ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2018ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಾಗ ಇದನ್ನೇ ಹೇಳಿತು: ಜನಾಂಗ ಹತ್ಯೆ, ಮಾನವತೆಯ ವಿರುದ್ಧದ ಅಪರಾಧ ಎರಡೂ ನಮ್ಮ ದೇಶದ ಕಾನೂನಿನಲ್ಲಿ ಸೇರಿಲ್ಲ, ಈ ಲೋಪವನ್ನು ಬೇಗ ಸರಿಪಡಿಸಬೇಕು. ಪ್ರಸ್ತಾಪ ತಂದವರು ನಾವು, ಕಾನೂನು ಮಾಡದೆ ಕೂತವರೂ ನಾವು. ನಿಮ್ಮಲ್ಲಿ ಲಾ ಓದುವವರು ಬರೆದುಕೊಳ್ಳಿ, ಇದು ಕೇಳಬೇಕಾದ ಪ್ರಶ್ನೆ.

ಒಪ್ಪಂದ ಏನು ಹೇಳುತ್ತದೆ? ಒಂದು ರಾಷ್ಟ್ರೀಯ, ಬುಡಕಟ್ಟಿನ, ವರ್ಣದ ಅಥವಾ ಧರ್ಮದ ಗುಂಪನ್ನು ಪೂರ್ತಿಯಾಗಿಯೋ ಭಾಗಶಃವಾಗಿಯೋ ನಾಶ ಮಾಡುವ ಉದ್ದೇಶ ಇರಬೇಕು. ಆ ಉದ್ದೇಶದಿಂದ ಕೊಲ್ಲುವುದಷ್ಟೇ ಅಲ್ಲ, ದೇಹಕ್ಕೋ ಮನಸ್ಸಿಗೋ ತೀವ್ರ ಹಾನಿ ಮಾಡುವುದು, ಬದುಕಲಾಗದ ಸ್ಥಿತಿಗೆ ಬೇಕೆಂತಲೇ ತಳ್ಳುವುದು, ಹೆರಿಗೆ ಆಗದಂತೆ ತಡೆಯುವುದು, ಮಕ್ಕಳನ್ನು ಬಲವಂತವಾಗಿ ಬೇರೆ ಗುಂಪಿಗೆ ಸಾಗಿಸುವುದು ಕೂಡ ಜನಾಂಗ ಹತ್ಯೆಯೇ. ಒಂದು ಗುಂಡೂ ಹಾರದೆ ನಡೆಯಬಹುದು. ಜನರನ್ನು ಇದಕ್ಕೆ ಬಹಿರಂಗವಾಗಿ ಪ್ರಚೋದಿಸುವುದೂ ಶಿಕ್ಷೆಗೆ ಒಳಗಾಗುವ ಅಪರಾಧ.

ಹಾಗಾಗಿ ಈ ಪದವನ್ನು ಕಂಡಕಂಡಲ್ಲಿ ಎಸೆಯಬೇಡಿ. ಎದುರು ಕೂತ ಅಧಿಕಾರಿ ವ್ಯಾಖ್ಯಾನ ಓದಿಕೊಂಡಿದ್ದರೆ ಒಂದೇ ನಿಮಿಷದಲ್ಲಿ ನಿಮ್ಮನ್ನು ಹೊರಗೆ ಕಳಿಸುತ್ತಾರೆ. ಹಾಗಂತ ಪದಕ್ಕಾಗಿ ಕಾಯುತ್ತಾ ಕೂರಲೂ ಬೇಡಿ. 1994ರ ಜೂನ್‌ನಲ್ಲಿ ಆಫ್ರಿಕಾದ ರುವಾಂಡಾದಲ್ಲಿ ಹೆಣಗಳು ನದಿಯಲ್ಲಿ ತೇಲಿ ಹೋಗುತ್ತಿದ್ದವು. ಅಮೆರಿಕದ ವಿದೇಶಾಂಗ ವಕ್ತಾರೆ ಆ ಪದ ಬಳಸಲು ಹಿಂಜರಿದು, ‘ಜನಾಂಗ ಹತ್ಯೆಯ ಕೃತ್ಯಗಳು’ ನಡೆದಿವೆ ಎಂದರು. ಒಬ್ಬ ವರದಿಗಾರ ಕೇಳಿದ: ಎಷ್ಟು ಕೃತ್ಯ ಸೇರಿದರೆ ಒಂದು ಜನಾಂಗ ಹತ್ಯೆ ಆಗುತ್ತದೆ? ಅದಕ್ಕೆ ಉತ್ತರ ಬರಲಿಲ್ಲ.

ರುವಾಂಡಾ ನಮ್ಮ ರಾಜ್ಯದ ಏಳನೇ ಒಂದು ಭಾಗದಷ್ಟು ದೊಡ್ಡದು. 1994ರ ಏಪ್ರಿಲ್ 7ರಿಂದ ಸುಮಾರು 100 ದಿನಗಳಲ್ಲಿ 8 ಲಕ್ಷಕ್ಕೂ ಜಾಸ್ತಿ ಜನ ಸತ್ತರು. ಬಹುಪಾಲು ಟುಟ್ಸಿ ಎಂಬ ಅಲ್ಪಸಂಖ್ಯಾತ ಸಮುದಾಯದವರು, ಜೊತೆಗೆ ಈ ಕೊಲೆಗೆ ಒಪ್ಪದ ಹುಟುಗಳು, ಅಂದರೆ ಕೊಂದವರದೇ ಬಹುಸಂಖ್ಯಾತ ಸಮುದಾಯದವರು. ಜಾಸ್ತಿ ಬಳಕೆಯಾದದ್ದು ಮಚ್ಚು. ಆದರೆ ಮಚ್ಚಿಗಿಂತ ಮೊದಲು ಕಿವಿಗೆ ಒಂದು ಸದ್ದು ಬಂದಿತ್ತು. 1993ರ ಜುಲೈನಲ್ಲಿ ಒಂದು ಖಾಸಗಿ ರೇಡಿಯೊ ಶುರುವಾಯಿತು, ಆರ್‌ಟಿಎಲ್‌ಎಂ ಎಂದು. ಒಳ್ಳೆಯ ಹಾಡು ಹಾಕುತ್ತಿತ್ತು, ಜೋಕು ಹೇಳುತ್ತಿತ್ತು. ಹುಡುಗರಿಗೆ ಅಚ್ಚುಮೆಚ್ಚು. ಹಾಡಿನ ನಡುವೆ ಟುಟ್ಸಿಗಳನ್ನು ‘ಇನ್ಯೆಂಝಿ’ ಅನ್ನುತ್ತಿತ್ತು. ಜಿರಲೆ ಎಂದರ್ಥ. ಕೊಲೆ ಶುರುವಾದ ಮೇಲೆ ಹೆಸರು, ವಿಳಾಸ, ಕಾರಿನ ನಂಬರನ್ನೂ ಓದಿತು.

ಕೊಲ್ಲುವುದಕ್ಕೆ ಅಲ್ಲಿ ಬಳಸಿದ ಮಾತು ಗೊತ್ತಾ? ‘ಕೆಲಸ’. ‘ಪೊದೆ ಸವರುವುದು’. ನೀವು ಹೆಚ್ಚಿನವರು ರೈತರ ಮಕ್ಕಳು. ಮೆಕ್ಕೆಜೋಳದ ಹೊಲದಲ್ಲಿ ಕಳೆ ಕೀಳುವುದು ಎಷ್ಟು ಮರ್ಯಾದೆಯ ಕೆಲಸ ಅಂತ ನಿಮಗೆ ಹೇಳಬೇಕಾಗಿಲ್ಲ. ಆ ಮರ್ಯಾದೆಯನ್ನೇ ಕದ್ದು ಕೊಲೆಗೆ ತೊಡಿಸಿದರು. ಜನರನ್ನು ಹುಳ, ಗೆದ್ದಲು, ಕಳೆ ಎಂದು ಕರೆಯುವವನು ಸುಮ್ನೆ ಬೈಯುತ್ತಿಲ್ಲ. ಬೈಸಿಕೊಂಡವನು ಬೈದ ಮೇಲೂ ಮನುಷ್ಯನಾಗಿಯೇ ಉಳಿಯುತ್ತಾನೆ. ಹುಳ ಅಂದ ಮೇಲೆ ಏನು ಮಾಡಬೇಕು ಎಂಬುದು ಕೇಳಿದವನಿಗೆ ಮೊದಲೇ ಗೊತ್ತು, ಮನೆಯಲ್ಲಿ ಔಷಧಿ ಇದೆ.

ಆ ರೇಡಿಯೊದವರ ಮೇಲೆ ರುವಾಂಡಾಕ್ಕಾಗಿಯೇ ಮಾಡಿದ ಅಂತರರಾಷ್ಟ್ರೀಯ ನ್ಯಾಯಮಂಡಳಿಯಲ್ಲಿ ಕೇಸು ನಡೆಯಿತು. ಪೀಠದ ಮುಂದಾಳು ದಕ್ಷಿಣ ಆಫ್ರಿಕಾದ ತಮಿಳು ಮೂಲದ ನವನೀತಂ ಪಿಳ್ಳೈ. ಬಂದೂಕು, ಮಚ್ಚು ಯಾವುದೂ ಹಿಡಿಯದೆ ನೀನು ಸಾವಿರಾರು ಜನರ ಸಾವಿಗೆ ಕಾರಣನಾದೆ ಎಂಬ ಅರ್ಥದ ಮಾತು 2003ರ ಆ ತೀರ್ಪಿನಲ್ಲಿದೆ. ಮೇಲ್ಮನವಿಯಲ್ಲಿ ಶಿಕ್ಷೆ ಸ್ವಲ್ಪ ಇಳಿಯಿತು. ಮಾತು ಉಳಿಯಿತು.

ಇವತ್ತು ಮಧ್ಯಾಹ್ನದ ಕೆಲಸ ಇದು. ನಿಮ್ಮ ಮನೆಯ, ಬೀದಿಯ, ಕಾಲೇಜಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಹೋದ ತಿಂಗಳು ಬಂದ ಒಂದೇ ಒಂದು ಸಂದೇಶ ಆರಿಸಿ. ಕಳಿಸಿದವರ ಹೆಸರು ತೆಗೆಯಿರಿ. ಅದರಲ್ಲಿ ಯಾರನ್ನು ಯಾವ ಪ್ರಾಣಿ, ಯಾವ ರೋಗ, ಯಾವ ಕಸಕ್ಕೆ ಹೋಲಿಸಿದ್ದಾರೆ ನೋಡಿ. ‘ಎಲ್ಲ’ ಎಂಬ ಪದ ಎಲ್ಲಿದೆ ನೋಡಿ. ‘ಅವರೆಲ್ಲ ಹಂಗೇ’ ಅನ್ನುತ್ತಾರಲ್ವಾ, ಆ ‘ಎಲ್ಲ’. ಗ್ರೆಗರಿ ಸ್ಟಾಂಟನ್ ಎಂಬ ವಿದ್ವಾಂಸರು ಜನಾಂಗ ಹತ್ಯೆಗೆ ಹತ್ತು ಹಂತ ಗುರುತಿಸಿದ್ದಾರೆ. ಮೊದಲನೆಯದು ನಾವು-ಅವರು ಎಂದು ಬೇರೆ ಮಾಡುವುದು. ಸಾಮೂಹಿಕ ಕೊಲೆ ಬರುವುದು ಒಂಬತ್ತನೆಯದಾಗಿ. ಹತ್ತನೆಯದು ‘ಏನೂ ನಡೆದೇ ಇಲ್ಲ’ ಎನ್ನುವುದು. ಬಾಯಿಪಾಠ ಮಾಡಬೇಡಿ. ಇವು ಒಂದಾದ ಮೇಲೊಂದು ಬರುವ ಮೆಟ್ಟಿಲಲ್ಲ ಎಂದು ಅವರೇ ಹೇಳಿದ್ದಾರೆ.

ಮನೆಯ ಗುಂಪಿಗೆ ಬರುವ ಕೊಳಕು ಸಂದೇಶವೆಲ್ಲ ಹತ್ಯಾಕಾಂಡಕ್ಕೆ ಹೋಗಿ ಮುಟ್ಟುತ್ತದೆ ಅಂತ ನಾನು ಹೆದರಿಸುತ್ತಿಲ್ಲ. ಹೆಚ್ಚಿನವು ಎಲ್ಲಿಗೂ ಹೋಗುವುದಿಲ್ಲ. ಆದರೆ ಎಲ್ಲೆಲ್ಲಿ ಮಚ್ಚು ಹೋಯಿತೋ ಅಲ್ಲೆಲ್ಲ ಅದಕ್ಕಿಂತ ಮೊದಲು ಮಾತು ಹೋಗಿತ್ತು. ಫ್ಲೆಕ್ಸ್ ಹುಡುಗನಿಗೆ ನಾನು ಕೊಡಬೇಕಾಗಿದ್ದ ಉತ್ತರ ಇದು. ಅವತ್ತು ಫೋನಿನಲ್ಲಿ ಹೊಳೆಯಲಿಲ್ಲ.

ಇನ್ನು ನನ್ನದೇ ಒಂದು ತಪ್ಪು. 2017ರ ಆಗಸ್ಟ್ ಕೊನೆಯಿಂದ ಮ್ಯಾನ್ಮಾರ್‌ನ ರೊಹಿಂಗ್ಯಾ ಮುಸ್ಲಿಮರು ಅಲ್ಲಿನ ಸೇನೆಯ ದಾಳಿಗೆ ಸಿಕ್ಕಿ ಬಾಂಗ್ಲಾದೇಶಕ್ಕೆ ಓಡಿ ಬರತೊಡಗಿದರು. ಕೆಲವೇ ತಿಂಗಳಲ್ಲಿ 7 ಲಕ್ಷ ದಾಟಿತು. ನನಗೆ ಒಂದು ಫೋಟೊ ಬಂತು. ನೋಡಿ ಅಳು ಬಂತು. ತಕ್ಷಣ ನಾಲ್ಕು ಗುಂಪಿಗೆ ಕಳಿಸಿದೆ. ಮರುದಿನ ನನ್ನ ಹಳೆಯ ವಿದ್ಯಾರ್ಥಿ ಫೋನ್ ಮಾಡಿ, "ಮೇಡಂ, ಇದು ಬೇರೆ ದೇಶದ್ದು, ಎಷ್ಟೋ ವರ್ಷ ಹಳೇದು" ಅಂದ. ಕ್ಷಮೆ ಕೇಳಿ ಅಳಿಸಿದೆ. ಆದರೆ ಅಷ್ಟರಲ್ಲಿ ಒಬ್ಬರು, "ನೋಡಿ, ಇದೆಲ್ಲ ಸುಳ್ಳು ಅಂತ ನಾನು ಆಗಲೇ ಹೇಳಿರಲಿಲ್ವಾ" ಎಂದು ಬರೆದಾಗಿತ್ತು. ನಿಜವಾಗಿ ಸುಟ್ಟುಹೋದ ಊರುಗಳನ್ನು ಸುಳ್ಳು ಎನ್ನಲು ನಾನೇ ಕೈಯಾರೆ ಅವಕಾಶ ಕೊಟ್ಟಿದ್ದೆ. ಅಳು ಬಂದಾಗ ಫಾರ್ವರ್ಡ್ ಮಾಡಬೇಡಿ. ಎಲ್ಲಿಯದು, ಯಾವತ್ತಿನದು, ಮೊದಲು ಹಾಕಿದವರು ಯಾರು, ಇಷ್ಟು ನೋಡುವ ತನಕ ಕೈ ಕಟ್ಟಿಕೊಳ್ಳಿ.

ಈಗ ಬಾಯಿಬಿಟ್ಟು ಕೇಳುವ ವಿಷಯ. ನಮ್ಮಲ್ಲಿ ಇದಕ್ಕೊಂದು ಪದ್ಧತಿ ಇದೆ. ಜಯದೇವ ಸರ್ಕಲ್‌ನಲ್ಲಿ ಸೇರುತ್ತೇವೆ, ಘೋಷಣೆ ಕೂಗುತ್ತೇವೆ, ಜಿಲ್ಲಾಧಿಕಾರಿಗಳಿಗೆ ಮನವಿ ಕೊಡುತ್ತೇವೆ, ಫೋಟೊ ತೆಗೆಸಿಕೊಂಡು ಮಂಡಕ್ಕಿ-ಮಿರ್ಚಿ ತಿಂದು ಮನೆಗೆ ಹೋಗುತ್ತೇವೆ. ನಾನೂ ಮೂವತ್ತು ವರ್ಷ ಅದನ್ನೇ ಮಾಡಿದ್ದೇನೆ, ತಮಾಷೆ ಮಾಡುತ್ತಿಲ್ಲ. ಮಿರ್ಚಿಯ ಬಗ್ಗೆಯೂ ನನ್ನ ತಕರಾರಿಲ್ಲ. ತಕರಾರಿರುವುದು ಮನವಿಯ ಕೊನೆಯ ಸಾಲಿನ ಮೇಲೆ. ‘ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇವೆ.’ ಸೂಕ್ತ ಕ್ರಮ ಅಂದರೆ ಏನು? ಯಾರಿಗೂ ಗೊತ್ತಿಲ್ಲ. ಕೊಟ್ಟವರಿಗೂ, ತೆಗೆದುಕೊಂಡವರಿಗೂ. ಆರು ತಿಂಗಳು ಬಿಟ್ಟು ಹೋಗಿ ‘ಸೂಕ್ತ ಕ್ರಮ ಆಯ್ತಾ’ ಎಂದು ಕೇಳಲು ಆಗುತ್ತದಾ? ನಾಳೆ ನೀವು ಬರೆಯುವ ಪತ್ರದಲ್ಲಿ ಆ ಎರಡು ಪದ ಕಂಡರೆ ವಾಪಸ್ ಕೊಡುತ್ತೇನೆ. ಅದರ ಜಾಗದಲ್ಲಿ ಒಬ್ಬ ಅಧಿಕಾರಿ, ಒಂದು ಕೆಲಸ, ಒಂದು ತಾರೀಕು ಇರಬೇಕು.

ಉದಾಹರಣೆಗೆ, ಒಬ್ಬರು ಮೈಕ್ ಹಿಡಿದು ಒಂದು ಸಮುದಾಯವನ್ನು ಮುಗಿಸಿಬಿಡಿ ಎಂದರು ಅಂದುಕೊಳ್ಳಿ. ಗುಂಪುಗಳ ನಡುವೆ ದ್ವೇಷ ಹಚ್ಚುವುದು ಭಾರತೀಯ ನ್ಯಾಯ ಸಂಹಿತೆಯ 196ನೇ ಸೆಕ್ಷನ್‌ನಲ್ಲಿ ಅಪರಾಧ. ಹಳೆಯ ಐಪಿಸಿಯ 153ಎ. ದ್ವೇಷ ಭಾಷಣಕ್ಕೆ ಯಾರೂ ದೂರು ಕೊಡದಿದ್ದರೂ ಪೊಲೀಸರೇ ಕೇಸು ದಾಖಲಿಸಬೇಕು ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ಹಾಗಾದರೆ ಎಸ್‌ಪಿ ಸಾಹೇಬರಿಗೆ ಬರೆಯುವ ಪತ್ರ ಹೇಗಿರಬೇಕು? ‘ಇಂಥ ದಿನ, ಇಂಥ ಜಾಗದಲ್ಲಿ, ಇಂಥ ಮಾತು ಆಡಿದ್ದಾರೆ, ಇದು ಪೂರ್ತಿ ವಿಡಿಯೊ. ಈ ಸೆಕ್ಷನ್ ಅಡಿ ಎಫ್‌ಐಆರ್ ಆಗಿದೆಯೇ? ಆಗಿದ್ದರೆ ನಂಬರ್ ಕೊಡಿ, ಆಗದಿದ್ದರೆ ಕಾರಣ ತಿಳಿಸಿ.’ ನಾಲ್ಕು ಸಾಲು. ಬೈಗುಳ ಇಲ್ಲ, ವಿಶೇಷಣ ಇಲ್ಲ.

ಪತ್ರದಿಂದ ಏನಾಗುತ್ತದೆ ಅನ್ನಬಹುದು. ರುವಾಂಡಾ ಮುಗಿದ ಮೇಲೆ ಪಾಲ್ ಸೈಮನ್ ಎಂಬ ಅಮೆರಿಕದ ಸೆನೆಟರ್ ಒಂದು ಮಾತು ಹೇಳಿದರು. ಶುರುವಿನಲ್ಲೇ ಒಬ್ಬೊಬ್ಬ ಸಂಸದನಿಗೂ ಅವನವನ ಊರಿನಿಂದ ನೂರು ಕಾಗದ ಬಂದಿದ್ದರೆ ಸರ್ಕಾರ ಬೇರೆ ರೀತಿ ನಡೆದುಕೊಳ್ಳುತ್ತಿತ್ತು ಎಂದು. ಬರೀ ನೂರು. ನಮ್ಮಲ್ಲಿ ಒಂದು ಮದುವೆಗೆ ಅದಕ್ಕಿಂತ ಜಾಸ್ತಿ ಕಾರ್ಡು ಹಂಚುತ್ತೇವೆ.

ಪತ್ರವೂ ಇಲ್ಲದೆ ಬರೀ ಕೇಳಿದ ಒಬ್ಬರ ಕಥೆ ಹೇಳುತ್ತೇನೆ. ಕಾರ್ಲ್ ವಿಲ್ಕೆನ್ಸ್. ಚರ್ಚಿನ ನೆರವು ಸಂಸ್ಥೆಯೊಂದರ ಕೆಲಸದ ಮೇಲೆ ರುವಾಂಡಾದ ರಾಜಧಾನಿ ಕಿಗಾಲಿಯಲ್ಲಿದ್ದ ಅಮೆರಿಕನ್. ಕೊಲೆ ಶುರುವಾದಾಗ ಹೆಂಡತಿ ಮಕ್ಕಳನ್ನು ಕಳಿಸಿ ತಾವೊಬ್ಬರೇ ಉಳಿದರು. ನಗರದಲ್ಲಿ ಗಿಸಿಂಬಾ ಎಂಬ ಅನಾಥಾಲಯ ಇತ್ತು. ಒಳಗೆ ಮಕ್ಕಳೂ ಆಶ್ರಯ ಬಂದವರೂ ಸೇರಿ ಸುಮಾರು 400 ಜನ. ಒಂದು ದಿನ ಮಚ್ಚು ಬಂದೂಕಿನ ಗುಂಪು ಬಂದು ಸುತ್ತುವರಿಯಿತು. ವಿಲ್ಕೆನ್ಸ್ ಸಹಾಯ ಹುಡುಕಿಕೊಂಡು ಸರ್ಕಾರಿ ಕಚೇರಿಗೆ ಓಡಿದರು. ಅಲ್ಲಿದ್ದ ಸಿಬ್ಬಂದಿಯೊಬ್ಬರು, ಪ್ರಧಾನಿ ಇಲ್ಲೇ ಬಂದಿದ್ದಾರೆ, ಅವರನ್ನೇ ಕೇಳಿ ಎಂದರು.

ಯಾವ ಪ್ರಧಾನಿ? ಝಾನ್ ಕಂಬಾಂಡಾ. ಈ ಕೊಲೆಗಳನ್ನು ನಡೆಸುತ್ತಿದ್ದ ಸರ್ಕಾರದ ಮುಖ್ಯಸ್ಥ. ವಿಲ್ಕೆನ್ಸ್‌ಗೆ ಅದು ಹುಚ್ಚು ಸಲಹೆ ಅನ್ನಿಸಿತಂತೆ. ಆದರೂ ಕಾರಿಡಾರಿನಲ್ಲಿ ಆತ ಎದುರಾದಾಗ ಕೈ ಚಾಚಿ, ಹೆಸರು ಹೇಳಿ, ಅನಾಥಾಲಯದ ಮಕ್ಕಳನ್ನು ಉಳಿಸಿ ಎಂದು ಕೇಳಿದರು. ಪ್ರಧಾನಿ ಪಕ್ಕದವರ ಜೊತೆ ಏನೋ ಮಾತಾಡಿ, ಮಕ್ಕಳಿಗೆ ಏನೂ ಆಗುವುದಿಲ್ಲ, ನಾನು ನೋಡಿಕೊಳ್ಳುತ್ತೇನೆ ಎಂದ. ಅವರೆಲ್ಲರನ್ನೂ ಬೇರೆ ಕಡೆಗೆ ಸಾಗಿಸಿದರು. ಉಳಿದರು. ಅದೇ ಕಂಬಾಂಡಾ ಮುಂದೆ 1998ರಲ್ಲಿ ಜನಾಂಗ ಹತ್ಯೆಯ ತಪ್ಪೊಪ್ಪಿಕೊಂಡು ಜೀವಾವಧಿ ಶಿಕ್ಷೆ ಪಡೆದ.

ಈ ಕಥೆಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಪ್ರತಿ ಸಲವೂ ಇಲ್ಲಿಗೆ ಬಂದಾಗ ಏನು ಹೇಳಬೇಕೋ ತಿಳಿಯುವುದಿಲ್ಲ. ಕೊಲೆಗಾರ ಒಳ್ಳೆಯವನಾದ ಅಂತಲ್ಲ. ಅವನು ಹೊರಗೆ ಹೋಗಿ ಮತ್ತೆ ಅದೇ ಕೆಲಸ ಮುಂದುವರಿಸಿದ. ಆದರೆ ಅವತ್ತು ಯಾರೋ ಕೇಳಿದರು. ಕೇಳದೇ ಹೋಗಿದ್ದರೆ? ಅಲ್ಲಿ ಬೇರೆ ಎಷ್ಟು ಅನಾಥಾಲಯಗಳ ಪರವಾಗಿ ಯಾರೂ ಯಾರನ್ನೂ ಕೇಳಲಿಲ್ಲವೋ.

ಕೇಳಿದರೆ ಸಿಕ್ಕೇ ಸಿಗುತ್ತದೆ ಎಂದು ನಂಬಿಸಿದರೆ ನಿಮಗೆ ಮೋಸ ಮಾಡಿದಂತೆ. 2004ರಲ್ಲಿ ಸುಡಾನಿನ ಡಾರ್ಫರ್ ಪ್ರಾಂತ್ಯದಲ್ಲಿ ನಡೆಯುತ್ತಿದ್ದ ಹತ್ಯೆಗಳ ವಿರುದ್ಧ ಅಮೆರಿಕದ ಕಾಲೇಜು ಹುಡುಗರು ಸಂಘಟನೆ ಕಟ್ಟಿದರು. ತಮ್ಮ ವಿಶ್ವವಿದ್ಯಾಲಯದ ಹಣ ಸುಡಾನಿನ ತೈಲದ ಕಂಪನಿಗಳಲ್ಲಿ ಇದೆಯಾ ಎಂದು ಕೇಳಿದರು. ಎಷ್ಟು ಚುರುಕು ಪ್ರಶ್ನೆ ನೋಡಿ! 2005ರಲ್ಲಿ ಹಾರ್ವರ್ಡ್ ತನ್ನಲ್ಲಿದ್ದ ಪೆಟ್ರೊಚೈನಾ ಎಂಬ ಚೀನಾದ ತೈಲ ಕಂಪನಿಯ ಷೇರು ಮಾರಿತು. 2007ರಲ್ಲಿ ಇಂಥ ಹಣ ಹಿಂತೆಗೆಯುವುದಕ್ಕೆ ಅಮೆರಿಕದಲ್ಲಿ ಒಂದು ಕಾನೂನೂ ಬಂತು. ಆದರೂ 2023ರಿಂದ ಡಾರ್ಫರ್‌ನಲ್ಲಿ ಮಸಾಲಿತ್ ಎಂಬ ಸಮುದಾಯದ ಜನರ ಕೊಲೆ ಮತ್ತೆ ನಡೆದಿದೆ. ಆ ಹುಡುಗರ ಕೆಲಸ ವ್ಯರ್ಥವಾಯಿತಾ? ನನಗೆ ಹಾಗನ್ನಿಸುವುದಿಲ್ಲ. ಆದರೆ ಸಾಲಲಿಲ್ಲ ಎಂಬುದು ನಿಜ.

ಹಟ ಬೇಕು. ವಿಲಿಯಂ ಪ್ರಾಕ್ಸ್‌ಮಯರ್ ಎಂಬ ಸೆನೆಟರ್ 1967ರಿಂದ, ಅಮೆರಿಕ ಈ ಒಪ್ಪಂದವನ್ನು ಅನುಮೋದಿಸಬೇಕು ಎಂದು ಸದನ ಕೂತ ದಿನವೆಲ್ಲ ಎದ್ದು ಮಾತಾಡಿದರು. 19 ವರ್ಷ, 3,211 ಭಾಷಣ. 1986ರಲ್ಲಿ ಸೆನೆಟ್ ಒಪ್ಪಿತು. ಇನ್ನು ಗ್ಯಾಂಬಿಯಾ, ಪಶ್ಚಿಮ ಆಫ್ರಿಕಾದ ಪುಟ್ಟ ದೇಶ. ಜನಸಂಖ್ಯೆ 20 ಲಕ್ಷ ಚಿಲ್ಲರೆ, ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯಷ್ಟು. ಅದರ ಆಗಿನ ನ್ಯಾಯ ಮಂತ್ರಿ ಅಬೂಬಕರ್ ತಂಬಾದು ಹಿಂದೆ ರುವಾಂಡಾ ನ್ಯಾಯಮಂಡಳಿಯಲ್ಲಿ ಕೆಲಸ ಮಾಡಿದ್ದವರು. 2018ರಲ್ಲಿ ಬಾಂಗ್ಲಾದೇಶದ ಕಾಕ್ಸ್ ಬಜಾರಿನ ನಿರಾಶ್ರಿತರ ಶಿಬಿರಕ್ಕೆ ಹೋಗಿ ರೊಹಿಂಗ್ಯಾಗಳ ಮಾತನ್ನು ಕಿವಿಯಾರೆ ಕೇಳಿದರು. 2019ರ ನವೆಂಬರ್‌ನಲ್ಲಿ ಅವರ ದೇಶ ಮ್ಯಾನ್ಮಾರ್ ವಿರುದ್ಧ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಎರಡು ತಿಂಗಳಲ್ಲಿ ಮಧ್ಯಂತರ ಆದೇಶ ಬಂತು. ಮೊದಲು ಕಿವಿ, ಆಮೇಲೆ ಬಾಯಿ.

ಪ್ರಶ್ನೆಗಳಿಗೆ ಬರೋಣ.

"ಗಾಜಾದಲ್ಲಿ ನಡೆದದ್ದು ಜನಾಂಗ ಹತ್ಯೆಯಾ ಮೇಡಂ?" ಇದು ಬಂದೇ ಬರುತ್ತದೆ ಎಂದು ಗೊತ್ತಿತ್ತು. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಜನ ಸತ್ತರು. ಆಮೇಲೆ ಗಾಜಾದಲ್ಲಿ ಹತ್ತಾರು ಸಾವಿರ ಜನ. ದಕ್ಷಿಣ ಆಫ್ರಿಕಾ ಅದೇ ನ್ಯಾಯಾಲಯಕ್ಕೆ ಹೋಯಿತು. 2024ರ ಜನವರಿ 26ರಂದು, ಇಂಥ ಕೃತ್ಯಗಳನ್ನು ತಡೆಯಲು ಕ್ರಮ ತೆಗೆದುಕೊಳ್ಳಿ, ನೆರವು ಒಳಗೆ ಬಿಡಿ ಎಂದು ಕೋರ್ಟು ಮಧ್ಯಂತರ ಆದೇಶ ಮಾಡಿತು. 2025ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ತನಿಖಾ ಆಯೋಗ ಜನಾಂಗ ಹತ್ಯೆ ನಡೆದಿದೆ ಎಂದೇ ವರದಿ ಕೊಟ್ಟಿತು. ಆಗ ಅದರ ಅಧ್ಯಕ್ಷೆ ಯಾರಾಗಿದ್ದರು ಗೊತ್ತಾ? ಅದೇ ನವನೀತಂ ಪಿಳ್ಳೈ. ಇಸ್ರೇಲ್ ಇದನ್ನು ಒಪ್ಪುವುದಿಲ್ಲ. ಕೋರ್ಟಿನ ಅಂತಿಮ ತೀರ್ಪಿಗೆ ವರ್ಷಗಳೇ ಹಿಡಿಯುತ್ತವೆ. ಆದರೆ ಒಪ್ಪಂದದ ಹೆಸರನ್ನೇ ಓದಿ, ‘ತಡೆ’ ಮೊದಲು ಬರುತ್ತದೆ, ‘ಶಿಕ್ಷೆ’ ಆಮೇಲೆ. ಗಂಭೀರ ಅಪಾಯ ಇದೆ ಎಂದು ತಿಳಿದ ಕ್ಷಣದಿಂದಲೇ ತಡೆಯುವ ಹೊಣೆ ಶುರು ಎಂದು ಬೋಸ್ನಿಯಾ ಪ್ರಕರಣದಲ್ಲಿ 2007ರಲ್ಲೇ ಆ ಕೋರ್ಟು ಹೇಳಿದೆ.

ಚಿತ್ರದುರ್ಗದಿಂದ ಬಂದ ಹುಡುಗ ಅಶೋಕನ ಬಗ್ಗೆ ಕೇಳಿದ. ಅವನ ಊರ ಕಡೆ, ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆಯಲ್ಲ, ಕಳಿಂಗದ್ದು ಜನಾಂಗ ಹತ್ಯೆಯಾ ಅಂತ. ಬ್ರಹ್ಮಗಿರಿಯಲ್ಲಿ ಕಳಿಂಗದ ಮಾತಿಲ್ಲ. ತಂದೆ ತಾಯಿ ಮಾತು ಕೇಳು, ಜೀವಿಗಳ ಮೇಲೆ ದಯೆ ಇರಲಿ, ನಿಜ ಹೇಳು ಎಂದಿದೆ. ಕಳಿಂಗ ಬರುವುದು ಹದಿಮೂರನೇ ಬಂಡೆ ಶಾಸನದಲ್ಲಿ. ಒಂದು ಲಕ್ಷ ಜನರನ್ನು ಕೊಲ್ಲಲಾಯಿತು, ಒಂದೂವರೆ ಲಕ್ಷ ಜನರನ್ನು ಸಾಗಿಸಲಾಯಿತು ಎಂದು ಗೆದ್ದ ರಾಜನೇ ಕಲ್ಲಿನ ಮೇಲೆ ಬರೆಸಿದ. ಅದು ಗೆಲ್ಲುವ ಉದ್ದೇಶದ ಯುದ್ಧವೋ, ಕಳಿಂಗದವರನ್ನೇ ಅಳಿಸುವ ಉದ್ದೇಶವೋ, ನಾಳೆ ನೀವೇ ವಾದ ಮಾಡಿ. ಒಂದು ಸುಳಿವು ಕೊಡುತ್ತೇನೆ. ಆ ಪಶ್ಚಾತ್ತಾಪದ ಶಾಸನವನ್ನು ದೂರದೂರದ ಕಡೆ ಕೆತ್ತಿಸಿದ ಅಶೋಕ, ಕಳಿಂಗದ ಧೌಲಿ ಮತ್ತು ಜೌಗಡದಲ್ಲಿ ಅದನ್ನು ಬಿಟ್ಟ. ಕಳೆದುಕೊಂಡವರ ಎದುರು ಹೇಳಲಿಲ್ಲ.

ಕೊನೆಗೆ ಕೇಳಿದವಳು ಜಗಳೂರಿನ ಹುಡುಗಿ. ಎಲ್ಲರೂ ಊಟಕ್ಕೆ ಎದ್ದ ಮೇಲೆ ಹತ್ತಿರ ಬಂದಳು. "ಮೇಡಂ, ನಮ್ಮ ಗುಂಪಿಗೆ ಇಂಥವನ್ನ ಹಾಕೋದು ನಮ್ಮ ಚಿಕ್ಕಪ್ಪನೇ. ನನ್ನ ಫೀಸ್ ಕಟ್ಟೋದೂ ಅವರೇ. ಅವರನ್ನ ಹೆಂಗ್ ಕೇಳ್ಲಿ?" ಅಂದಳು.

ಎಸ್‌ಪಿಗೆ ಪತ್ರ ಬರೆಯುವುದನ್ನು ಹೇಳಿಕೊಟ್ಟ ನನಗೆ ಇದಕ್ಕೆ ಉತ್ತರ ತಕ್ಷಣ ಬರಲಿಲ್ಲ. ಗುಂಪಿನಲ್ಲಿ ಎಲ್ಲರೆದುರು ಕೇಳಬೇಡ ಅಂದೆ. ಸರಿ-ತಪ್ಪು ಹೇಳಲು ಹೋಗಬೇಡ, ಉತ್ತರ ಇರುವ ಒಂದೇ ಪ್ರಶ್ನೆ ಕೇಳು ಅಂದೆ. ಅವಳು ಊಟದ ತಟ್ಟೆ ಪಕ್ಕಕ್ಕಿಟ್ಟು ಬರೆದಳು, ಅಳಿಸಿದಳು, ಮತ್ತೆ ಬರೆದಳು. ಕೊನೆಗೆ ಕಳಿಸಿದ್ದು ಇಷ್ಟು: "ಚಿಕ್ಕಪ್ಪ, ಊಟ ಆಯ್ತಾ? ನಿನ್ನೆ ಹಾಕಿದ್ರಲ್ಲ, ಅದನ್ನ ನಿಮಗೆ ಕಳ್ಸಿದ್ದು ಯಾರು?"

ಸಂಜೆ ಅವಳು ಜಗಳೂರು ಬಸ್ಸಿಗೆ ಹೊರಡುವಾಗ ಫೋನ್ ತೋರಿಸಿದಳು. ನೀಲಿ ಗೆರೆ ಬಿದ್ದಿತ್ತು. ಉತ್ತರ ಬಂದಿರಲಿಲ್ಲ. ‘ಟೈಪಿಂಗ್’ ಅಂತ ಎರಡು ಸಲ ಬಂದು ಹೋಯ್ತು ಮೇಡಂ ಅಂದಳು.